ಭಟ್ಟಿಗೆ ತೆಗೆದ ದೃಷ್ಟಿ

ಇದನ್ನು ಬರೆಯಲು ಕೂತು ಎಷ್ಟೋ ಸಲ ಎದ್ದು ಹೋಗಿದ್ದೇನೆ. ಕಣ್ಣು ಮಂಜಾಗಿದೆ, ಕೈ ನಡುಗುತ್ತದೆ ಎಂದು ನೆಪ ಹೇಳಿಕೊಂಡೆ. ನಿಜಕ್ಕೂ ಅಡ್ಡ ಬಂದದ್ದು ಭಯ. ಒಳಗೆ ಅಡುಗೆಮನೆಯಲ್ಲಿರುವ ನನ್ನ ಹೆಂಡತಿಯ ಭಯ.

ನಾನು ಓದಿದ್ದು ಮೆಟ್ರಿಕ್‌ವರೆಗೆ. ಕಲಬುರಗಿ ಕಡೆಯಿಂದ ಬಂದು ಪುಣೆ ಹತ್ತಿರದ ಪಿಂಪ್ರಿ-ಚಿಂಚವಾಡದ ಒಂದು ಸಣ್ಣ ಕಾರ್ಖಾನೆ ಸೇರಿ ಅಲ್ಲೇ ಮುದುಕನಾದೆ. ಗಾಡಿಗಳ ಗೇರುಗಳನ್ನು ಭಟ್ಟಿಯಲ್ಲಿ ಕೆಂಪಗೆ ಕಾಯಿಸಿ ಗಟ್ಟಿ ಮಾಡುವುದು ನಮ್ಮ ಕೆಲಸ. ನಾನು ಪಾಳಿಯ ಮುಖ್ಯಸ್ಥನಾದ ಮೇಲೆ ಹೆಂಡತಿಯ ತಮ್ಮನನ್ನೂ ಅಲ್ಲಿಗೆ ಸೇರಿಸಿದೆ. ಎರಡು ಮಕ್ಕಳ ತಂದೆ, ಗುತ್ತಿಗೆಯ ಮೇಲಿದ್ದ. ದೀಪಾವಳಿ ಆದ ಮೇಲೆ ಕಾಯಂ ಮಾಡುವುದಾಗಿ ಸಾಹೇಬರು ಮಾತು ಕೊಟ್ಟಿದ್ದರು.

ಆ ವರ್ಷ ಎಣ್ಣೆಯ ಭಟ್ಟಿ ಹೋಗಿ ಕರೆಂಟಿನದು ಬಂತು. ಅದರ ಒಳಗೋಡೆಗಳಲ್ಲಿ ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆಸಿ ಮಾಡಿದ ತಂತಿಯ ಸುರುಳಿಗಳು. ಮಾಲು ಇಡುವ ಮೊದಲು ಖಾಲಿ ಭಟ್ಟಿಯಲ್ಲಿ ಅವನ್ನು ಚೆನ್ನಾಗಿ ಕಾಯಿಸಬೇಕು. ಆಗ ತಂತಿಯೊಳಗಿನ ಅಲ್ಯೂಮಿನಿಯಂ ಮೇಲೆ ಬಂದು, ಗಾಳಿಯೊಡನೆ ಕೂಡಿ, ಬೂದಿಬಣ್ಣದ ಪೊರೆ ಕಟ್ಟುತ್ತದೆ. ಹಾಲಿನ ಕೆನೆಗಿಂತ ತೆಳುವಾದ ಪೊರೆ. ಅದು ಇರುವವರೆಗೆ ಎಷ್ಟು ಉರಿಸಿದರೂ ತಂತಿ ತಡೆಯುತ್ತದೆ. ಹಾಗೆ ಕಾಯಿಸಿದವನು ಹೆಂಡತಿಯ ತಮ್ಮ. ಇಡೀ ಪಾಳಿ ಅವನ ಪಕ್ಕದಲ್ಲೇ ಕೂತು ನಾನೂ ಚಹಾ ಕುಡಿದಿದ್ದೆ. ಸುರುಳಿಗಳು ಹೊಳಪು ಬಿಟ್ಟು ಬೂದಿಬಣ್ಣಕ್ಕೆ ತಿರುಗಿದ್ದನ್ನು ಈ ಕಣ್ಣುಗಳೇ ನೋಡಿವೆ.

ಖಂಡೇನವಮಿ ಬಂತು. ಯಂತ್ರಗಳಿಗೆ ಪೂಜೆ ಮಾಡಿ, ಭಟ್ಟಿಗೆ ಉಪ್ಪು ಮೆಣಸಿನಕಾಯಿಯಿಂದ ದೃಷ್ಟಿ ತೆಗೆದು, ಅದನ್ನು ಅದರ ಉರಿಗೇ ಹಾಕುವುದು ನಮ್ಮ ರೂಢಿ. ಎಣ್ಣೆಯ ಭಟ್ಟಿಯಲ್ಲಿ ಬರೀ ಇಟ್ಟಿಗೆ, ಬೆಂಕಿ, ಏನೂ ಆಗುತ್ತಿರಲಿಲ್ಲ. ಹೆಂಡತಿ ಎಂದಿನಂತೆ ಹರಳುಪ್ಪು ಕಟ್ಟಿಕೊಟ್ಟಿದ್ದಳು. ಹೊಸ ಭಟ್ಟಿಯಲ್ಲವೇ ಎಂದು ಬೊಗಸೆ ತುಂಬ ತೆಗೆದುಕೊಂಡು, ನಿವಾಳಿಸಿ, ಒಳಗೆ ಎಸೆದೆ. ಎಡಗೋಡೆಯ ಸುರುಳಿಗಳ ಮೇಲೆ ಬಿದ್ದು ಚಟಪಟ ಸಿಡಿಯಿತು. ಆಗ ಪಕ್ಕದಲ್ಲಿದ್ದವನು ಹೆಂಡತಿಯ ತಮ್ಮನೊಬ್ಬನೇ.

"ಕೂಸಿಗೆ ತಗದಂಗ ತಗದ್ರಲ್ರಿ ಮಾವ," ಎಂದು ಅವನು ನಕ್ಕ. "ಇನ್ನ ಜೋಗುಳಾನೂ ಹಾಡಿಬಿಡ್ರಿ, ಮಕ್ಕೊಳ್ಳಲಿ!"

"ಸುಮ್ನಿರಲೇ. ನಿನ್ನ ನೌಕರಿ ಕಾಯಂ ಆಗ್ಲಿ ಅಂತನೂ ಬೇಡ್ಕೊಂಡೀನಿ," ಎಂದೆ.

ದೀಪಾವಳಿಯ ಹೊತ್ತಿಗೆ ಎಡಗೋಡೆಯ ಸುರುಳಿ ತುಂಡಾಯಿತು. ಭಟ್ಟಿಯಲ್ಲಿದ್ದ ಮಾಲೆಲ್ಲ ಕೆಟ್ಟಿತು. ತಂತಿ ಮಾರಿದವರ ಕಡೆಯ ಮನುಷ್ಯ ಬಂದು ತುಂಡನ್ನು ಉಗುರಿನಿಂದ ಕೆರೆದ. ತುಕ್ಕು ಹುಡಿಹುಡಿಯಾಗಿ ಉದುರಿತು. ಒಂದೋ ಮೊದಲ ಸಲ ಸರಿಯಾಗಿ ಕಾಯಿಸಿಲ್ಲ, ಇಲ್ಲವೇ ಉಪ್ಪಿನಂಥದ್ದೇನೋ ಬಿದ್ದು ಪೊರೆಯನ್ನು ತಿಂದಿದೆ ಎಂದ. ಪೊರೆ ಒಡೆದಷ್ಟು ಸಲವೂ ತಂತಿ ಹೊಸದನ್ನು ಕಟ್ಟಿಕೊಳ್ಳುತ್ತದಂತೆ. ಒಳಗಿನ ಅಲ್ಯೂಮಿನಿಯಂ ಮುಗಿದ ಮೇಲೆ ಕಬ್ಬಿಣವನ್ನು ಕಾಯುವವರಿಲ್ಲ.

ಸಾಹೇಬರು ನನ್ನ ಕಡೆ ತಿರುಗಿದರು. "ಕಾಕಾ, ತ್ಯಾನೇ ಭಟ್ಟೀ ನೀಟ ತಾಪವಲೀ ಹೋತೀ ಕಾ?" ಅವನು ಸರಿಯಾಗಿ ಕಾಯಿಸಿದ್ದನೇ ಎಂದು ಮರಾಠಿಯಲ್ಲಿ ಕೇಳಿದರು.

ಹೌದು ಎಂದರೆ ಉಳಿಯುವುದು ಉಪ್ಪು. ಉಪ್ಪು ಎಂದರೆ ನಾನು.

"ಮಲಾ ಮಾಹೀತ ನಾಹೀ, ಸಾಹೇಬ," ಎಂದೆ. ನನಗೆ ಗೊತ್ತಿಲ್ಲ.

ಹೆಂಡತಿಯ ತಮ್ಮ ಅಲ್ಲೇ ನಿಂತಿದ್ದ. ನನ್ನ ಮುಖ ನೋಡಿದ. ಉಪ್ಪಿನ ಸುದ್ದಿ ಎತ್ತಲಿಲ್ಲ. ಅವನ ಕೆಲಸ ಹೋಯಿತು.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಮನೆಗೆ ಬಂದು ಹೆಂಡತಿಗೆ, ಭಟ್ಟಿ ಕಾಯಿಸುವಾಗ ನಿನ್ನ ತಮ್ಮ ನಿದ್ದೆ ಹೊಡೆದ ಎಂದೆ. ಆ ಸುಳ್ಳು ಹೇಳೆಂದು ಯಾರೂ ನನ್ನನ್ನು ಕೇಳಿರಲಿಲ್ಲ. ಅವಳು ಅವನನ್ನು ಕರೆಸಿ ಬೈದಳು. "ನೀ ಮಕ್ಕೊಂಡಿದ್ದಕ್ಕ ನನ್ನ ಗಂಡ ಮಂದಿ ಮುಂದ ತಲಿ ತಗ್ಗಿಸಿ ನಿಂತ. ಪಂಚಮಿಗೆ ನನ್ನ ಕರಿಯಾಕ ಬರಬ್ಯಾಡ ನೀ." ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ನಾಗರಪಂಚಮಿಗೆ ಅಕ್ಕತಂಗಿಯರನ್ನು ಅಣ್ಣತಮ್ಮಂದಿರು ಬಂದು ತವರಿಗೆ ಕರೆದೊಯ್ಯುತ್ತಾರೆ. ಅಂದಿನಿಂದ ನಮ್ಮ ಮನೆಗೆ ಯಾರೂ ಬಂದಿಲ್ಲ.

ಈಗ ಅವನು ಹಿಂಜವಾಡಿಗೆ ಕಂಪನಿಯ ಕ್ಯಾಬ್ ಓಡಿಸುತ್ತಾನೆ. ಈಚೆಗೆ ಬಸ್‌ಸ್ಟಾಪಿನಲ್ಲಿ ನನ್ನನ್ನು ಕಂಡು ಗಾಡಿ ನಿಲ್ಲಿಸಿ ಹತ್ತಿಸಿಕೊಂಡ. ತಲೆ ನೆರೆತಿತ್ತು. ಸ್ವಲ್ಪ ದೂರ ಹೋದ ಮೇಲೆ ನಾನೇ ಕೇಳಿದೆ.

"ಉಪ್ಪಿಂದು ಅವತ್ತು ಯಾಕ ಹೇಳಲಿಲ್ಲೋ ನೀ?"

"ಹೇಳಿದ್ರ ನಿಮ್ಮ ನೌಕರಿ ಹೋಗ್ತಿತ್ತು. ಅಕ್ಕನ ಒಲಿ ಆರ್ತಿತ್ತು." ರಸ್ತೆಯಿಂದ ಕಣ್ಣು ತೆಗೆಯದೆ ಅಂದ. "ನೌಕರಿ ಹೋತು ಬಿಡ್ರಿ ಮಾವ, ಹೊಟ್ಟಿಗೇನು ಕಡಿಮಿ ಆಗಿಲ್ಲ. ಆದ್ರ ನಾ ಮಕ್ಕೊಂಡಿರಲಿಲ್ರಿ. ಅದೊಂದು ಅಕಿಗೆ ಹೇಳ್ರಿ."

ತಪ್ಪಾಯಿತು ಎನ್ನಬೇಕಿತ್ತು. "ಇಲ್ಲೇ ಇಳಸು," ಎಂದೆ. ನನ್ನ ಮನೆ ಇನ್ನೂ ದೂರವಿತ್ತು.

ಇಷ್ಟು ಬರೆದ ಮೇಲೆ ಇವತ್ತು ಹೆಂಡತಿಯನ್ನು ಕರೆದೆ. ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದವಳು ತಟ್ಟೆ ಸಮೇತ ಬಂದು ಕೂತಳು. ಎಲ್ಲ ಓದಿ ಹೇಳಿದೆ. ಉಪ್ಪಿನ ಮಾತು ಬಂದಾಗ ಅವಳ ಕೈ ನಿಂತಿತು. ಮುಗಿದ ಮೇಲೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ನನ್ನ ಮುಂದ ಓದಿದ್ರ ಮುಗೀತೇನ್ರಿ?" ಎಂದಳು. "ತಪ್ಪಾತು ಅಂತ ಯಾರಿಗೆ ಹೇಳಬೇಕು ನೀವು?"

"ನಿನ್ನ ತಮ್ಮಗ," ಎಂದೆ.