ಗಡಿಕಲ್ಲಿನ ನೆತ್ತಿ

ಗಡಿಕಲ್ಲುಗಳಿಗೆ ಸುಣ್ಣ ಬಳಿಯುವುದು ಅವನಿಗೆ ಅಪ್ಪನಿಂದ ಬಂದ ಕೆಲಸ. ಊರಿಗೆಲ್ಲ ಅವನು ಸುಣ್ಣದಣ್ಣ. ಕಲ್ಲಿನ ಈ ಮುಖ ಅವನದು, ಆ ಮುಖ ಆಚೆ ದೇಶದ ಸುಣ್ಣದವನದು. ನೆತ್ತಿಗೆ ಮಾತ್ರ ಇಬ್ಬರೂ ಒಟ್ಟಿಗೆ ಕುಂಚ ಎಳೆಯಬೇಕು. ಒಬ್ಬನೇ ಬಳಿದರೆ ತಕರಾರು.

"ನಿನ್ನ ಸುಣ್ಣ ಬರೀ ನೀರು ಕಣೋ," ಎಂದು ಆಚೆಯವನು ಹಂಗಿಸುತ್ತಿದ್ದ.

"ನಿಮ್ಮ ಸರ್ಕಾರದ ಮಾತಿಗಿಂತ ಗಟ್ಟಿ ಇದೆ ಬಿಡು," ಎಂದು ಇವನು ನಗುತ್ತಿದ್ದ.

ಸುಣ್ಣದಣ್ಣನ ಅಕ್ಕ ಗಂಡ ಸತ್ತ ಮೇಲೆ ಗುಡ್ಡದ ಮೇಲಿನ ಮನೆಯಲ್ಲಿ ಒಬ್ಬಳೇ ಇದ್ದಳು. ಈಚೆ ದೇಶದ ಕೈಯಲ್ಲಿದ್ದ ಆ ಗುಡ್ಡಕ್ಕಾಗಿ ಎರಡೂ ದೇಶಗಳು ಅಂತರರಾಷ್ಟ್ರೀಯ ಕೋರ್ಟಿಗೆ ಹೋಗಿದ್ದವು. ಗುಡ್ಡ ಆಚೆಯವರದು ಎಂದು ತೀರ್ಪು ಬಂತು. ಬೇಕಾದವರು ವರ್ಷದೊಳಗೆ ಇಳಿದು ಈಚೆ ಬರಬಹುದು, ಉಳಿದವರು ಆಚೆ ದೇಶದವರು ಎಂದೂ ಕೋರ್ಟು ಹೇಳಿತು.

ಅದು ಚುನಾವಣೆಯ ವರ್ಷ. ಈಚೆಯ ಮಂತ್ರಿ ಗುಡ್ಡದ ಬುಡದಲ್ಲೇ ವೇದಿಕೆ ಹಾಕಿಸಿದ.

"ಒಂದು ಹಿಡಿ ಮಣ್ಣೂ ಬಿಡಲ್ಲ! ಇಳಿದು ಬರೋರು ದೇಶದ್ರೋಹಿಗಳು!"

ಜನ ಚಪ್ಪಾಳೆ ತಟ್ಟಿದರು. ಅಕ್ಕನೂ ತಟ್ಟಿದಳು.

"ಅಕ್ಕಾ, ಇಳಿದು ಬಂದ್ಬಿಡೇ. ಕೋರ್ಟಿನ ಮಾತು ಕಲ್ಲಲ್ಲಿ ಕೊರೆದ ಹಾಗೆ."

"ಆ ಕಲ್ಲು ನೋಡ್ಕೊಳ್ಳೋನು ನೀನೇ ಅಲ್ವೇನೋ? ಕೀಳು ಅಂದ್ರೆ ಕಿತ್ತುಬಿಡ್ತೀಯಾ?"

ಅವನು ಅವಳ ಬಟ್ಟೆಬರೆ ಗಂಟು ಕಟ್ಟಲು ಹೊರಟ.

"ದ್ರೋಹಿ ಅನ್ನಿಸ್ಕೊಂಡು ನಿನ್ನ ಮನೇಲಿ ಬಂದು ಕೂರ್ಲಾ? ಹೋಗೋ," ಎಂದಳು ಅಕ್ಕ.

ವರ್ಷ ಕಳೆಯಿತು. ಮಂತ್ರಿ ಗೆದ್ದ. ತೀರ್ಪಿಗೆ ಬೆನ್ನು ಹಾಕಿದ ದೇಶದ ಸರಕು ಬೇಡವೆಂದು ಹೊರಗಿನವರು ಬಾಗಿಲು ಮುಚ್ಚಿದರು. ಕಾರ್ಖಾನೆಗಳು ನಿಂತವು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಗುಡ್ಡ ಬಿಟ್ಟುಕೊಡುವ ಪತ್ರಕ್ಕೆ ಮಂತ್ರಿ ಸದ್ದಿಲ್ಲದೆ ಸಹಿ ಹಾಕಿದ.

ಗುಡ್ಡದಾಚೆಯ ಕಲ್ಲುಗಳನ್ನು ಕಿತ್ತು ಈಚೆ ಬುಡದಲ್ಲಿ ನೆಡುವ ಕೆಲಸ ಸುಣ್ಣದಣ್ಣನಿಗೇ ಬಂತು. ಕೊನೆಯ ಕಲ್ಲು ನೆಡುವಾಗ ಅಕ್ಕ ಗಂಟು ಹೊತ್ತು ಇಳಿದು ಬಂದಳು. ಆಚೆಯ ಕಾವಲಿನವನು ಕೋಲು ಅಡ್ಡ ಹಿಡಿದ.

"ವಾಯಿದೆ ಮುಗೀತಮ್ಮಾ. ನೀನೀಗ ನಮ್ಮವಳು."

ಸುಣ್ಣದಣ್ಣ ಕುಂಚ ಹಿಡಿದು ನಿಂತೇ ಇದ್ದ. ಆಚೆಯ ಸುಣ್ಣದವನು ತಲೆ ತಗ್ಗಿಸಿ ಮೆಲ್ಲಗೆ, "ನೆತ್ತಿ ಉಳಿದಿದೆ. ನನ್ನೊಬ್ಬನ ಕೈಲಾಗಲ್ಲ," ಎಂದ.

"ಬಳಿಯೋ ತಮ್ಮಾ," ಎಂದಳು ಅಕ್ಕ. "ನಿನ್ನ ಅನ್ನವಾದ್ರೂ ಉಳೀಲಿ."

ಇಬ್ಬರೂ ಕುಂಚ ಎಳೆದರು. ನೆತ್ತಿಯ ಸುಣ್ಣ ಒಣಗುವ ಮೊದಲೇ ಕಾವಲಿನವನು ಅವಳನ್ನು ಗುಡ್ಡ ಹತ್ತಿಸಿದ.