ತೊಂಬತ್ತೈದು ಡಿಗ್ರಿ ಮತ್ತು ನನ್ನ ಕೋಣೆ

ಮದುವೆ ವಿಡಿಯೊಗಳನ್ನು ಜೋಡಿಸಿ, ಹಾಡು ಸೇರಿಸಿ ಕೊಡುವುದು ನನ್ನ ಕಸುಬು. ಚನ್ನಗಿರಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ನಾಲ್ಕು ವರ್ಷದಿಂದ ಇದನ್ನೇ ಮಾಡುತ್ತಿದ್ದೆ. ಆ ಬೇಸಿಗೆಯಲ್ಲಿ ಕಂಪ್ಯೂಟರ್ ಕೈಕೊಡತೊಡಗಿತು. ಹೊನ್ನಾಳಿಯ ಒಂದು ಮದುವೆಯ ವಿಡಿಯೊ ಒಂದೇ ಫೈಲಾಗಿ ಹೊರಬರಲು ಮೂರು ಗಂಟೆ ಬೇಕಿತ್ತು. ಸರಿಯಾಗಿ ತಾಳಿ ಕಟ್ಟುವ ಜಾಗಕ್ಕೆ ಬಂದಾಗ ಕಂಪ್ಯೂಟರ್ ಪಟ್ಟನೆ ಆರಿಹೋಗುತ್ತಿತ್ತು. ಅಲ್ಲಿ ಪರದೆ ತುಂಬ ಹೂಮಳೆ ಸುರಿಸಿದವಳು ನಾನೇ, ಪ್ರೊಸೆಸರ್‌ಗೆ ಹೆಚ್ಚು ಕೆಲಸ ಅಲ್ಲೇ. ಮೂರನೇ ಸಲ ಹೀಗಾದಾಗ ಅತ್ತೆ ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿದರು. ಎಲ್ಲರಿಗೂ ಕೆಮ್ಮು ಬಂತು, ವಿಡಿಯೊ ಮಾತ್ರ ಬರಲಿಲ್ಲ.

ರಿಪೇರಿಯವನು ಬಂದು, ಒಂದು ಸ್ಕ್ರೂ ಸಹ ಬಿಚ್ಚದೆ, "ಪ್ರೊಸೆಸರ್ ಹೋಗೈತ್ರೀ, ಹೊಸಾದು ತಗೊಂಡ್ಬಿಡ್ರಿ" ಎಂದ. ಮಾವನವರು ಇದನ್ನೇ ಕಾಯುತ್ತಿದ್ದರು.

"ನಾಳೆ ಸಂಜೆತನಕ ನೋಡ್ತೀನಮ್ಮ. ಇನ್ನೊಂದ್ ಸಲ ಅದು ಆರಿದ್ರೆ ಈ ಕೋಣೆ ಅಡಿಕೆ ಚೀಲ ಇಡಾಕೆ ಬೇಕು."

ಮೈಯೆಲ್ಲ ಉರಿದುಹೋಯಿತು. ಆ ಕೋಣೆ ಬಿಟ್ಟರೆ ಆ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ತವರಿನಿಂದ ತಂದ ಟ್ರಂಕು ಒಂದೇ.

ಮರುದಿನ ಬೆಳಿಗ್ಗೆ, ಪ್ರೊಸೆಸರ್ ಎಷ್ಟು ಕಾದಿದೆ ಎಂದು ತೋರಿಸುವ ತಂತ್ರಾಂಶ ಹಾಕಿಕೊಂಡು ವಿಡಿಯೊ ಶುರುಮಾಡಿದೆ. ಅಂಕಿ ಎಂಬತ್ತು ದಾಟಿತು, ತೊಂಬತ್ತು ದಾಟಿತು. ತೊಂಬತ್ತೈದು ಡಿಗ್ರಿಗೆ ನಾನೇ ನಿಲ್ಲಿಸಿದೆ. ಪ್ರೊಸೆಸರ್ ಹೋಗಿರಲಿಲ್ಲ. ಅತಿಯಾಗಿ ಕಾದಾಗ ಸುಟ್ಟುಹೋಗದಿರಲೆಂದು ಕಂಪ್ಯೂಟರ್ ತಾನಾಗಿಯೇ ಆರಿಹೋಗುತ್ತಿತ್ತು, ಅಷ್ಟೇ.

ವೈರು ಕಿತ್ತು, ಕಂಪ್ಯೂಟರಿನ ಡಬ್ಬಿ ಬಿಚ್ಚಿದೆ. ಪ್ರೊಸೆಸರ್ ಮೇಲಿನ ಫ್ಯಾನ್ ತೆಗೆದರೆ, ಅದರ ಕೆಳಗಿನ ಅಲ್ಯೂಮಿನಿಯಂ ತಗಡುಗಳ ನಡುವೆ ಕಂಬಳಿಯ ಹಾಗೆ ಒತ್ತಾಗಿ ಕೂತಿದ್ದದ್ದು ಅಡಿಕೆ ಸಿಪ್ಪೆಯ ನಾರು! ಸುಗ್ಗಿ ಪೂರ್ತಿ ಮಾವನವರ ಅಡಿಕೆ ಸುಲಿಯುವ ಯಂತ್ರ ಓಡಿದ್ದು ನನ್ನ ಕಿಟಕಿಯ ಎದುರೇ. ಸಿಟ್ಟೂ ಬಂತು, ನಗುವೂ ಬಂತು.

ಬ್ರಷ್ಷಿನಿಂದ ನಾರನ್ನೆಲ್ಲ ಕೆದಕಿ ತೆಗೆದೆ. ಪ್ರೊಸೆಸರ್‌ನ ಬಿಸಿಯನ್ನು ತಗಡಿಗೆ ದಾಟಿಸುವ ಪೇಸ್ಟು ಸೀಮೆಸುಣ್ಣದ ಹಾಗೆ ಒಣಗಿತ್ತು. ಅದನ್ನು ಒರೆಸಿ, ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ತಂದ ಹೊಸ ಪೇಸ್ಟು ಹಚ್ಚಿ ಜೋಡಿಸಿದೆ. ಚಾಲೂ ಮಾಡಿದ ಒಂದೇ ನಿಮಿಷಕ್ಕೆ ಮತ್ತೆ ತೊಂಬತ್ತು! ನಿಲ್ಲಿಸಿ ನೋಡಿದರೆ ಫ್ಯಾನನ್ನೂ ತಗಡನ್ನೂ ಹಿಡಿದಿಡುವ ನಾಲ್ಕು ಪಿನ್ನುಗಳಲ್ಲಿ ಒಂದು ಸರಿಯಾಗಿ ಕೂತಿರಲೇ ಇಲ್ಲ, ತಗಡು ಪ್ರೊಸೆಸರ್‌ಗೆ ತಾಗಿರಲಿಲ್ಲ. ನನ್ನ ಅವಸರಕ್ಕೆ ನಾನೇ ಬೈದುಕೊಂಡು, ಮತ್ತೆ ಒರೆಸಿ, ಮತ್ತೆ ಹಚ್ಚಿ, ನಾಲ್ಕೂ ಟಕ್ ಎನ್ನುವವರೆಗೆ ಒತ್ತಿದೆ.

ಮಧ್ಯಾಹ್ನ ಊಟವಾದ ಮೇಲೆ ವಿಡಿಯೊ ಮತ್ತೆ ಶುರುಮಾಡಿದೆ. ಮಾವನವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಅರವತ್ತೆಂಟು. ಎಪ್ಪತ್ತೊಂದು. ತಾಳಿಯ ಜಾಗ ಬಂತು. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತರು. ಎಪ್ಪತ್ತಮೂರು. ಅಂಕಿ ಅಲ್ಲೇ ನಿಂತಿತು, ಆಮೇಲೆ ಇಳಿಯಿತು. ಸಂಜೆಯ ಹೊತ್ತಿಗೆ ವಿಡಿಯೊ ಪೂರ್ತಿ ಹೊರಬಂತು. ಕುಣಿದಾಡುವಷ್ಟು ಖುಷಿಯಾಯಿತು, ಮಾವನವರು ಇದ್ದರೆಂದು ಸುಮ್ಮನೆ ಕೂತೆ.

"ಆತೇನಮ್ಮ?" ಎಂದರು.

"ಆತು ಮಾವ. ಆದ್ರೆ ಇದನ್ನ ಕೆಡಿಸಿದ್ದು ನಿಮ್ಮ ಅಡಿಕೆ ನಾರು. ಬರೋ ಸುಗ್ಗಿಗೆ ಆ ಯಂತ್ರ ಹಿತ್ತಲಾಗೆ ಇಡಿಸ್ರಿ."

ಸೊಸೆಯಾಗಿ ಬಂದ ಮೇಲೆ ನಾನು ಮಾವನವರಿಗೆ ಹೇಳಿದ ಮೊದಲ ಕೆಲಸ ಅದು. ಮಾವನವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೋದರು.

ಸುಗ್ಗಿಗೆ ಇನ್ನೂ ತಿಂಗಳುಗಟ್ಟಲೆ ಇತ್ತು. ಆದರೂ ಮಾವನವರು ಮರುದಿನ ಬೆಳಿಗ್ಗೆಯೇ ನಾಲ್ಕು ಆಳು ಕರೆಸಿ, ತಾವೂ ಒಂದು ಕೈ ಹಚ್ಚಿ, ಯಂತ್ರವನ್ನು ಹಿತ್ತಲಿಗೆ ಸಾಗಿಸಿದರು.