ಭಾವ ಕದ್ದ ತಂತಿ

ಅಕ್ಕನ ಗಂಡನೇ ಪ್ರಯೋಗಾಲಯದ ಮುಖ್ಯಸ್ಥನಾಗಿದ್ದದ್ದು ಅವಳ ಗ್ರಹಚಾರ. ಕೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ಅತಿವಾಹಕ ತಂತಿಗಳನ್ನು ಮಾಡಿ, ದ್ರವ ಹೀಲಿಯಮ್ಮಿನ ಪಾತ್ರೆಯಲ್ಲಿ ತಣಿಸಿ ಅಳೆಯುವುದು ಅಲ್ಲಿ ಅವಳ ಕೆಲಸ. ಅಷ್ಟು ತಣ್ಣಗಾದ ಮೇಲೆ ವಿದ್ಯುತ್ತಿಗೆ ಯಾವ ತಡೆಯೂ ಇರಕೂಡದು. ಅವಳ ತಂತಿಯಲ್ಲಿ ಚೂರು ತಡೆ ಉಳಿದೇಬಿಟ್ಟಿತು. ತಂತಿ ತೀರಾ ತೆಳುವಾದರೆ ಕ್ವಾಂಟಮ್ ಏರಿಳಿತವೇ ಅತಿವಾಹಕತೆಯನ್ನು ಆಗಾಗ ಕ್ಷಣಕಾಲ ಮುರಿಯುತ್ತದೆ, ಎಷ್ಟು ತಣಿಸಿದರೂ ನಿಲ್ಲದು, ಇದು ಅದೇ ಎಂದಳು.

“ಕ್ವಾಂಟಮ್ಮೂ ಇಲ್ಲ, ಮಣ್ಣೂ ಇಲ್ಲ,” ಎಂದ ಭಾವ, ಎಲ್ಲರೆದುರಿಗೆ. “ನಿನ್ನ ಕೈಕೆಲಸವೇ ಗಲೀಜು. ನಿಮ್ಮಕ್ಕನ ಮುಖ ನೋಡಿ ಇಟ್ಕೊಂಡಿದ್ದೆ, ಸಾಕು.”

ಅವಳು ತಂತಿಯಿದ್ದ ಸಿಲಿಕಾನ್ ಚಿಪ್ಪನ್ನು ಡಬ್ಬಿಗೆ ಹಾಕಿಕೊಂಡು ಹೊರಟುಹೋದಳು. ಮರುವರ್ಷ ಅವೇ ಅಳತೆಗಳು ಕ್ವಾಂಟಮ್ ತಡೆಯ ಪುರಾವೆಯಾಗಿ ಭಾವನೊಬ್ಬನ ಹೆಸರಲ್ಲಿ ಪ್ರಕಟವಾದವು. ಪ್ರಶಸ್ತಿಯೂ ಬಂತು. “ಹೋಗ್ಲಿ ಬಿಡೇ, ಮನೆಯವರೇ ತಾನೆ,” ಎಂದಳು ಅಕ್ಕ ಫೋನಿನಲ್ಲಿ.

ಅವಳು ಫೋನಿಟ್ಟು ಆ ಡಬ್ಬಿಯನ್ನು ಹೊರತೆಗೆದಳು. ತಾನು ಸೇರಿದ್ದ ಹೊಸ ಪ್ರಯೋಗಾಲಯದಲ್ಲಿ ಆ ತಂತಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಳು. ನಟ್ಟನಡುವೆ ಬಿರುಕು. ಉಳಿದಿದ್ದ ತಡೆ ಆ ಬಿರುಕಿನದು. ಅವಳೇ ತಪ್ಪು ತಿಳಿದಿದ್ದಳು. ಭಾವ ಕದ್ದದ್ದು ಅವಳ ತಪ್ಪನ್ನು. ಒಬ್ಬಳೇ ಕೂತು ನಕ್ಕಳು. ಒಂದು ಮಾತು ಹೇಳಿದ್ದರೆ ಅವನು ಮಾನ ಉಳಿಸಿಕೊಳ್ಳುತ್ತಿದ್ದ. ಹೇಳಲಿಲ್ಲ. ಏರಲಿ, ಇನ್ನೂ ಮೇಲೇರಲಿ ಎಂದು ಹಲ್ಲುಕಚ್ಚಿ ಕಾದಳು. ಕಾಯುತ್ತಲೇ ಬಿರುಕಿಲ್ಲದ, ಇನ್ನೂ ತೆಳುವಾದ ತಂತಿಗಳನ್ನು ಮಾಡಿದಳು. ಕ್ವಾಂಟಮ್ ತಡೆ ಅವುಗಳಲ್ಲಿ ನಿಜವಾಗಿಯೂ ಸಿಕ್ಕಿತು. ಭಾವನ ಅಂಕಿಗಳಿಗೂ ಅದಕ್ಕೂ ತಾಳಮೇಳವೇ ಇರಲಿಲ್ಲ.

ಭಾವ ದೊಡ್ಡ ಸಮ್ಮೇಳನದಲ್ಲಿ ಭಾಷಣ ಮುಗಿಸಿದಾಗ ಅವಳು ಎದ್ದು ನಿಂತಳು.

“ಸರ್, ಆ ತಂತಿ ಇಡಿಯಾಗಿತ್ತಾ? ನೋಡಿದ್ರಾ?”

ಅವನನ್ನು ಅವಳು ಎಂದೂ ಸರ್ ಎಂದವಳಲ್ಲ.

“ನಾನೇ ಮಾಡಿದ ತಂತಿ ಅದು. ಎಲ್ಲೂ ಬಿರುಕಿರಲಿಲ್ಲ,” ಎಂದ.

ಅವಳು ಬಿರುಕಿನ ಚಿತ್ರವನ್ನು ಪರದೆಗೆ ಹಾಕಿಸಿದಳು. ಚಿಪ್ಪಿನ ಮೂಲೆಯಲ್ಲಿ ಕೆತ್ತಿದ್ದ ಸಂಖ್ಯೆಯೇ ಅವನ ಪ್ರಬಂಧದಲ್ಲೂ ಇತ್ತು. ಅವನು ತೊದಲುವುದನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು.

ಪ್ರಬಂಧವನ್ನು ಹಿಂತೆಗೆದುಕೊಳ್ಳಬೇಕಾಯಿತು, ಮುಖ್ಯಸ್ಥನ ಕುರ್ಚಿಯೂ ಹೋಯಿತು. ಅಕ್ಕ ಬಂದು ಬಾಗಿಲಲ್ಲೇ ನಿಂತಳು.

“ನಿನಗೆ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು ಅಕ್ಕ.”

“ಒಂದು ಮಾತು ಹೇಳಬಹುದಿತ್ತು.”

“ಹೇಳಬಹುದಿತ್ತು.”

ಅಕ್ಕ ಒಳಗೆ ಬರದೆ ತಿರುಗಿ ಹೋದಳು. ಅವಳು ಬಾಗಿಲು ಹಾಕಿ, ಅಡುಗೆಮನೆಗೆ ಹೋಗಿ, ಹೊಟ್ಟೆ ತುಂಬ ಉಂಡಳು.